ಮರಾಠಿ ಕ್ರಿಯಾಪದದ ಕಾಲರೂಪಗಳು: ಕನ್ನಡ ಮನೆಮಾತಿನ ಮಕ್ಕಳಿಗೆ ಕಲಿಸುವ ಕ್ರಮ

ಸಾಂಗಲಿ ಜಿಲ್ಲೆಯ ಮಿರಜ ಮತ್ತು ಜತ್ತ ತಾಲ್ಲೂಕುಗಳ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದುವ ಮಗುವಿಗೆ ಮರಾಠಿ ಅಪರಿಚಿತ ಭಾಷೆಯಲ್ಲ. ಮನೆಯಲ್ಲಿ ‘ಅಂವಾ ಬಂದಾನ’ ಎನ್ನುವ ಮಗು ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ, ಆಸ್ಪತ್ರೆಯಲ್ಲಿ ಮರಾಠಿಯನ್ನು ದಿನವೂ ಕೇಳುತ್ತದೆ, ಅರ್ಥ ಮಾಡಿಕೊಳ್ಳುತ್ತದೆ, ಬೇಕಾದಾಗ ಎರಡು ಮಾತು ಆಡುತ್ತದೆ. ಆದರೂ ಅದೇ ಮಗು ಮರಾಠಿ ಉತ್ತರಪತ್ರಿಕೆಯಲ್ಲಿ ಕ್ರಿಯಾಪದವನ್ನು ಬರೆಯುವಾಗ ಎಡವುತ್ತದೆ. ಅದು ಎಡವುವ ಜಾಗ ಹೆಚ್ಚಾಗಿ ಒಂದೇ: ಭೂತಕಾಲ.

ಈ ಎಡವಟ್ಟಿಗೆ ತೆರಬೇಕಾದ ಬೆಲೆ ಸಣ್ಣದಲ್ಲ. ಮಹಾರಾಷ್ಟ್ರದ 2020ರ ಕಾಯಿದೆಯಂತೆ ರಾಜ್ಯದ ಎಲ್ಲ ಮಾಧ್ಯಮಗಳ ಶಾಲೆಗಳಲ್ಲೂ ಮರಾಠಿ ಕಡ್ಡಾಯ ವಿಷಯವಾಗಿದೆ. ಪುಣೆಯಲ್ಲಿ 1967ರಲ್ಲಿ ಸ್ಥಾಪಿತವಾದ ಪಠ್ಯಪುಸ್ತಕ ಮಂಡಳ, ಅಂದರೆ ಬಾಲಭಾರತಿ, ಕನ್ನಡ ಮಾಧ್ಯಮದ ಪುಸ್ತಕಗಳನ್ನೂ ಹೊರತರುತ್ತದೆ. ಮರಾಠಿ ಮಾಧ್ಯಮದಲ್ಲಿ ಓದದ ಮಕ್ಕಳಿಗಾಗಿ ‘ಸುಲಭಭಾರತಿ’ ಎಂಬ ಮರಾಠಿ ಪುಸ್ತಕಮಾಲೆಯನ್ನೂ ಪ್ರಕಟಿಸುತ್ತದೆ. ಹತ್ತನೆಯ ತರಗತಿ ಮುಗಿಸಿ ಸಾಂಗಲಿ ಅಥವಾ ಮಿರಜದ ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ಅಲ್ಲಿನ ಕಚೇರಿ, ಬ್ಯಾಂಕು, ಅರ್ಜಿ, ಸಂದರ್ಶನಗಳೆಲ್ಲ ಮರಾಠಿಯಲ್ಲಿಯೇ ಎದುರಾಗುತ್ತವೆ. ಬಾಯಿ ತೆರೆದೊಡನೆ ಕ್ರಿಯಾಪದ ತಪ್ಪಿ, ಕೇಳಿದವರು ನಕ್ಕರೆ, ಆ ವಿದ್ಯಾರ್ಥಿ ಮರುದಿನದಿಂದ ಮಾತನ್ನೇ ಕಡಿಮೆ ಮಾಡುತ್ತಾನೆ. ಆದ್ದರಿಂದ ಮಗು ಏಕೆ ತಪ್ಪುತ್ತದೆ ಎಂಬುದನ್ನು ಅಧ್ಯಾಪಕರು ಮೊದಲು ತಿಳಿದುಕೊಂಡಿರಬೇಕು. ಕಾರಣ ತಿಳಿಯದೆ ರೂಪಾವಳಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದರೆ ಮಗು ಪಟ್ಟಿಯನ್ನು ಒಪ್ಪಿಸುತ್ತದೆ, ವಾಕ್ಯದಲ್ಲಿ ಮಾತ್ರ ಮತ್ತೆ ತಪ್ಪುತ್ತದೆ.

ಕನ್ನಡದ ಕ್ರಿಯಾಪದ ನಡೆಯುವ ರೀತಿ

ಕನ್ನಡದ ‘ಓದು’ ಧಾತುವನ್ನು ತೆಗೆದುಕೊಳ್ಳಬಹುದು. ಓದುತ್ತೇನೆ, ಓದಿದೆನು, ಓದುವೆನು. ಕಾಲ ಯಾವುದೇ ಇರಲಿ, ಕೊನೆಯ ಪ್ರತ್ಯಯ ಓದಿದವನು ಯಾರು ಎಂಬುದನ್ನು ಹೇಳುತ್ತದೆ. ಓದಿದ್ದು ಏನು ಎಂಬುದರ ಗೊಡವೆ ಅದಕ್ಕಿಲ್ಲ. ಪಾಠ ಓದಿದೆನು, ಕಥೆ ಓದಿದೆನು, ಹತ್ತು ಪುಸ್ತಕ ಓದಿದೆನು: ಎಲ್ಲ ಕಡೆಯೂ ‘ಓದಿದೆನು’. ನಾನು, ನೀನು ಎಂಬಲ್ಲಿ ಗಂಡು ಹೆಣ್ಣೆಂಬ ಭೇದವೂ ಇಲ್ಲ. ಅವನು, ಅವಳು, ಅದು ಎಂಬ ಏಕವಚನದಲ್ಲಿ ಮಾತ್ರ ಭೇದ ಕಾಣುತ್ತದೆ. ‘ಅವರು’ ಎಂದೊಡನೆ ಅದೂ ಅಳಿಸಿಹೋಗುತ್ತದೆ. ನಿರ್ಜೀವ ವಸ್ತುಗಳೆಲ್ಲ ಕನ್ನಡಕ್ಕೆ ನಪುಂಸಕ. ಪುಸ್ತಕವಾಗಲಿ, ನದಿಯಾಗಲಿ, ಗಾಡಿಯಾಗಲಿ ‘ಬಂತು’ ಎಂದರೆ ಮುಗಿಯಿತು.

ಇಷ್ಟು ಅಚ್ಚುಕಟ್ಟಾದ ನಿಯಮವನ್ನು ಮಗು ಮೂರು ವರ್ಷ ತುಂಬುವಷ್ಟರಲ್ಲಿಯೇ ತನ್ನದಾಗಿಸಿಕೊಂಡಿರುತ್ತದೆ. ಯಾರೂ ಕಲಿಸಿದ್ದಲ್ಲ. ಹೊರಗಿನ ಭಾಷೆಗಳಲ್ಲಿಯೂ ಈ ಮಾದರಿ ಅಪರೂಪವಲ್ಲ. ಸ್ಪ್ಯಾನಿಶ್ ಭಾಷೆಯ ‘ಅಬ್ಲಾರ್’, ಅಂದರೆ ‘ಮಾತಾಡು’ ಎಂಬ ಕ್ರಿಯಾಪದದ ವರ್ತಮಾನಕಾಲದ ರೂಪಗಳು ಅಬ್ಲೊ, ಅಬ್ಲಾಸ್, ಅಬ್ಲಾ, ಅಬ್ಲಾಮೊಸ್, ಅಬ್ಲಾಯಿಸ್, ಅಬ್ಲಾನ್. ಕನ್ನಡದಂತೆಯೇ ಅಲ್ಲಿಯೂ ಪ್ರತ್ಯಯವೇ ಕರ್ತೃವನ್ನು ಸೂಚಿಸುವುದರಿಂದ ‘ನಾನು’ ಎಂಬ ಪದವನ್ನು ಬಿಟ್ಟರೂ ನಡೆಯುತ್ತದೆ. ಭೂತಕಾಲಕ್ಕೆ ಹೋದರೂ ಪ್ರತ್ಯಯ ಕರ್ತೃವನ್ನು ಬಿಡುವುದಿಲ್ಲ. ಅಂಥ ಭಾಷೆಯನ್ನು ಕನ್ನಡದ ಮಗು ಪಟ್ಟಿ ನೋಡಿಯೇ ಕಲಿಯಬಹುದು. ಪಕ್ಕದ ಮನೆಯ ಮರಾಠಿಯನ್ನು ಹಾಗೆ ಕಲಿಯಲಾಗುವುದಿಲ್ಲ.

ಮರಾಠಿಯ ‘ವಾಚಣೇ’: ಸುಲಭವಾದ ಎರಡು ಕಾಲಗಳು

‘ವಾಚಣೇ’ ಎಂದರೆ ಓದುವುದು. ನಿಯಮಬದ್ಧವಾದ, ಸಕರ್ಮಕವಾದ, ತರಗತಿಯಲ್ಲಿ ದಿನವೂ ಬಳಕೆಯಾಗುವ ಧಾತು, ಮಾದರಿಗೆ ತಕ್ಕದ್ದು. ಬಹುತೇಕ ಪಟ್ಟಿಗಳು ವರ್ತಮಾನದಿಂದ ಆರಂಭವಾಗುತ್ತವೆ. ಕನ್ನಡದ ಮಕ್ಕಳಿಗೆ ಭವಿಷ್ಯತ್ತಿನಿಂದ ಆರಂಭಿಸುವುದು ಲೇಸು, ಏಕೆಂದರೆ ಮರಾಠಿಯ ಭವಿಷ್ಯತ್ಕಾಲದಲ್ಲಿ ಲಿಂಗದ ತೊಡಕೇ ಇಲ್ಲ.

ಮೀ ವಾಚೇನ, ಆಮ್ಹೀ ವಾಚೂ
ತೂ ವಾಚಶೀಲ, ತುಮ್ಹೀ ವಾಚಾಲ
ತೋ, ತೀ, ತೇ ವಾಚೇಲ, ಅವರೆಲ್ಲ ವಾಚತೀಲ

ಅವನು, ಅವಳು, ಅದು ಮೂವರಿಗೂ ‘ವಾಚೇಲ’ ಒಂದೇ. ಕನ್ನಡದಲ್ಲಿ ಓದುವನು, ಓದುವಳು, ಓದುವುದು ಎಂದು ಮೂರು ರೂಪಗಳಿವೆ. ಮರಾಠಿಯೇ ಇಲ್ಲಿ ಸುಲಭ. ‘ವಾಚೇನ’ ಎಂಬುದರ ಕೊನೆಯ ‘ನ’ಕಾರ ‘ಓದುವೆನು’ ಎಂಬುದನ್ನು ನೆನಪಿಸುತ್ತದೆ. ಇದು ಆಕಸ್ಮಿಕ ಹೋಲಿಕೆ, ಆದರೂ ನೆನಪಿಗೆ ಒಳ್ಳೆಯ ಗೂಟ. ಒಂದು ಮಾತು ಮಾತ್ರ ಗಮನದಲ್ಲಿರಲಿ. ಈ ಭಾಗದ ಆಡುಗನ್ನಡದಲ್ಲಿ ‘ನಾಳೆ ಬರತೇನಿ’ ಎಂದು ವರ್ತಮಾನದ ರೂಪವೇ ಭವಿಷ್ಯತ್ತಿಗೂ ದುಡಿಯುತ್ತದೆ. ಮರಾಠಿಯಲ್ಲಿಯೂ ‘ಉದ್ಯಾ ಯೇತೋ’ ಎನ್ನುವುದುಂಟು. ಹೀಗಾಗಿ ಮಗು ‘ಯೇಈನ’, ‘ವಾಚೇನ’ ಮುಂತಾದ ರೂಪಗಳ ತಂಟೆಗೇ ಹೋಗದೆ ವರ್ಷಗಟ್ಟಲೆ ಕಾಲ ತಳ್ಳಬಲ್ಲದು. ಮಾತಿನಲ್ಲಿ ಇದು ತಪ್ಪಲ್ಲ. ಬರವಣಿಗೆಯಲ್ಲಿ ಭವಿಷ್ಯತ್ತಿನ ರೂಪ ಬರುವಂತೆ ನೋಡಿಕೊಳ್ಳಬೇಕು.

ವರ್ತಮಾನದಲ್ಲಿ ಕ್ರಿಯಾಪದ ಕನ್ನಡದಂತೆ ಕರ್ತೃವನ್ನೇ ಅನುಸರಿಸುತ್ತದೆ, ಆದರೆ ಲಿಂಗವನ್ನು ಇನ್ನೂ ಹೆಚ್ಚಾಗಿ ಗಣಿಸುತ್ತದೆ.

ಮೀ ವಾಚತೋ (ಹುಡುಗ), ಮೀ ವಾಚತೇ (ಹುಡುಗಿ), ಆಮ್ಹೀ ವಾಚತೋ
ತೂ ವಾಚತೋಸ (ಹುಡುಗ), ತೂ ವಾಚತೇಸ (ಹುಡುಗಿ), ತುಮ್ಹೀ ವಾಚತಾ
ತೋ ವಾಚತೋ, ತೀ ವಾಚತೇ, ತೇ ವಾಚತೇ, ಅವರೆಲ್ಲ ವಾಚತಾತ

‘ನಾನು’ ಎನ್ನುವಾಗಲೇ ಹೆಣ್ಣುಮಗಳು ತನ್ನ ಲಿಂಗವನ್ನು ಕ್ರಿಯಾಪದದಲ್ಲಿ ಹೇಳಬೇಕಾಗಿರುವುದು ಕನ್ನಡದ ಮಗುವಿಗೆ ಹೊಸದು. ಕಪ್ಪುಹಲಗೆಯ ಮೇಲೆ ‘ಮೀ ವಾಚತೋ’ ಎಂದಷ್ಟೇ ಬರೆದರೆ ತರಗತಿಯ ಅರ್ಧದಷ್ಟು ಮಕ್ಕಳು ತಮ್ಮದಲ್ಲದ ರೂಪವನ್ನು ಕಂಠಪಾಠ ಮಾಡುತ್ತಾರೆ. ಎರಡನ್ನೂ ಬರೆದು, ಹುಡುಗಿಯರಿಂದ ‘ವಾಚತೇ’ ಎಂದು ಹೇಳಿಸಬೇಕು. ಇಲ್ಲೊಂದು ಸ್ವಾರಸ್ಯವಿದೆ. ಕೊಲ್ಹಾಪುರ, ಸಾಂಗಲಿ ಸೀಮೆಯ ಹಳ್ಳಿಗಳಲ್ಲಿ ಮರಾಠಿಯನ್ನೇ ಮನೆಮಾತಾಗಿ ಆಡುವ ಹೆಂಗಸರು ಸಹ ‘ಮೀ ಯೇತೋ’, ‘ಮೀ ಜಾತೋ’ ಎನ್ನುತ್ತಾರೆ. ಪುಣೆಯವರಿಗೆ ಇದು ತಮಾಷೆಯಾಗಿ ಕೇಳಿಸುತ್ತದೆ. ಉತ್ತಮ ಪುರುಷದಲ್ಲಿ ಲಿಂಗಭೇದವಿಲ್ಲದ ಕನ್ನಡದ ನೆರಳು ಇದರ ಮೇಲೆ ಬಿದ್ದಿರಬಹುದೆಂದು ತರ್ಕಿಸುವುದಕ್ಕೆ ಸಾಕಷ್ಟು ಎಡೆಯಿದೆ. ಆದ್ದರಿಂದ ಹುಡುಗಿಯೊಬ್ಬಳು ‘ಮೀ ವಾಚತೋ’ ಎಂದರೆ ಅದನ್ನು ಈ ನೆಲದ ಮಾತೆಂದು ಒಪ್ಪಿ, ಪರೀಕ್ಷೆಯ ಬರಹದಲ್ಲಿ ‘ವಾಚತೇ’ ಎಂದಿರಬೇಕೆಂದು ತಿಳಿಸಿದರೆ ಸಾಕು.

ಇಲ್ಲಿಯೇ ಪಾರಿಭಾಷಿಕ ಪದವೊಂದರ ಗೊಂದಲವನ್ನೂ ನಿವಾರಿಸಬೇಕು. ಕನ್ನಡ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ಅವನು’ ಪ್ರಥಮ ಪುರುಷ. ಮರಾಠಿಯ ಶಾಲಾ ವ್ಯಾಕರಣದಲ್ಲಿ ‘ಮೀ’ ಪ್ರಥಮ ಪುರುಷ, ‘ತೋ’ ತೃತೀಯ ಪುರುಷ. ‘ಪ್ರಥಮ ಪುರುಷದ ರೂಪ ಬರೆಯಿರಿ’ ಎಂಬ ಮರಾಠಿ ಪ್ರಶ್ನೆಗೆ ಕನ್ನಡದ ಮಗು ‘ಅವನು’ ರೂಪವನ್ನು ಬರೆದು ಅಂಕ ಕಳೆದುಕೊಂಡರೆ, ಅದು ಭಾಷೆ ಬಾರದ್ದರಿಂದ ಆದ ನಷ್ಟವಲ್ಲ.

ಭೂತಕಾಲ: ಕ್ರಿಯಾಪದ ಯಾರ ಹಿಂದೆ ಹೋಗುತ್ತದೆ

ಅಕರ್ಮಕ ಧಾತುವಿನಿಂದ ಆರಂಭಿಸುವುದು ಕ್ಷೇಮ. ‘ಬಸಣೇ’, ಅಂದರೆ ಕುಳಿತುಕೊಳ್ಳುವುದು: ಮೀ ಬಸಲೋ (ಹುಡುಗಿಯಾದರೆ ಬಸಲೇ), ತೂ ಬಸಲಾಸ (ಹುಡುಗಿಯಾದರೆ ಬಸಲೀಸ), ತೋ ಬಸಲಾ, ತೀ ಬಸಲೀ, ತೇ ಬಸಲೇ, ಆಮ್ಹೀ ಬಸಲೋ, ತುಮ್ಹೀ ಬಸಲಾತ, ಗಂಡಸರು ಬಸಲೇ, ಹೆಂಗಸರು ಬಸಲ್ಯಾ, ನಪುಂಸಕ ಬಹುವಚನ ಬಸಲೀ. ಕ್ರಿಯಾಪದ ಇಲ್ಲಿಯೂ ಕರ್ತೃವಿನ ಹಿಂದೆಯೇ ಇದೆ. ಹೊಸದೆಂದರೆ ಎರಡು. ಒಂದು, ಬಹುವಚನದಲ್ಲಿಯೂ ಲಿಂಗಭೇದ. ಗೌರವದ ಬಹುವಚನಕ್ಕೂ ಇದು ತಪ್ಪದು: ‘ಗುರುಜೀ ಆಲೇ’, ಆದರೆ ‘ಬಾಈ ಆಲ್ಯಾ’. ಇಬ್ಬರಿಗೂ ‘ಬಂದರು’ ಎನ್ನುವ ಕನ್ನಡದ ಮಗು ‘ಬಾಈ ಆಲೇ’ ಎಂದುಬಿಡುತ್ತದೆ. ಎರಡನೆಯದು, ನಿರ್ಜೀವ ವಸ್ತುಗಳ ಲಿಂಗ. ಮಿರಜ ಜಂಕ್ಷನ್ನಿನಲ್ಲಿ ಕನ್ನಡಕ್ಕೆ ಗಾಡಿ ‘ಬಂತು’. ಮರಾಠಿಗೆ ‘ಗಾಡೀ ಆಲೀ’, ಸ್ತ್ರೀಲಿಂಗ.

ಇನ್ನು ‘ವಾಚಣೇ’ ಧಾತುವಿನ ಭೂತಕಾಲ. ಕನ್ನಡದ ಮಗು ‘ಬಸಲೋ’ ಎಂಬ ಮಾದರಿಯನ್ನು ಹಿಡಿದು ‘ಮೀ ಗೋಷ್ಟ ವಾಚಲೋ’ ಎಂದು ಬರೆಯುತ್ತದೆ. ಮರಾಠಿಯಲ್ಲಿ ಇರಬೇಕಾದದ್ದು:

ಮೀ ಧಡಾ ವಾಚಲಾ. (ಪಾಠ, ಪುಲ್ಲಿಂಗ)
ಮೀ ಗೋಷ್ಟ ವಾಚಲೀ. (ಕಥೆ, ಸ್ತ್ರೀಲಿಂಗ)
ಮೀ ಪುಸ್ತಕ ವಾಚಲೇ. (ನಪುಂಸಕಲಿಂಗ)
ಮೀ ಧಡೇ ವಾಚಲೇ, ಗೋಷ್ಟೀ ವಾಚಲ್ಯಾ, ಪುಸ್ತಕೇ ವಾಚಲೀ. (ಬಹುವಚನ)

ಓದಿದವನು ಹುಡುಗನೋ ಹುಡುಗಿಯೋ, ಒಬ್ಬನೋ ಹಲವರೋ ಎಂಬುದನ್ನು ಕ್ರಿಯಾಪದ ಇಲ್ಲಿ ಕೇಳುವುದಿಲ್ಲ. ಓದಿಸಿಕೊಂಡದ್ದು ಏನು ಎಂಬುದನ್ನು ಮಾತ್ರ ಕೇಳುತ್ತದೆ. ತ್ಯಾನೇ ಗೋಷ್ಟ ವಾಚಲೀ, ತಿನೇ ಗೋಷ್ಟ ವಾಚಲೀ, ಆಮ್ಹೀ ಗೋಷ್ಟ ವಾಚಲೀ, ತ್ಯಾಂನೀ ಗೋಷ್ಟ ವಾಚಲೀ: ನಾಲ್ಕರಲ್ಲಿಯೂ ‘ವಾಚಲೀ’. ‘ತೂ’ ಎಂಬಲ್ಲಿ ಮಾತ್ರ ‘ತೂ ಗೋಷ್ಟ ವಾಚಲೀಸ’ ಎಂದು ಒಂದು ಸಕಾರ ಕೊನೆಗೆ ಅಂಟಿಕೊಳ್ಳುತ್ತದೆ.

ಹೀಗಾಗುವುದಕ್ಕೆ ಐತಿಹಾಸಿಕ ಕಾರಣವಿದೆ; ಸಂಸ್ಕೃತದ ಅಲ್ಪ ಪರಿಚಯವಿರುವ ಅಧ್ಯಾಪಕರಿಗೆ ಅದು ಒಡನೆಯೇ ಹೊಳೆಯುತ್ತದೆ. ‘ರಾಮೇಣ ಪುಸ್ತಕಂ ಪಠಿತಮ್’, ‘ರಾಮೇಣ ಕಥಾ ಪಠಿತಾ’ ಎಂಬ ವಾಕ್ಯಗಳಲ್ಲಿ ಕರ್ತೃ ತೃತೀಯಾ ವಿಭಕ್ತಿಯಲ್ಲಿದೆ. ‘ಪಠಿತ’ ಎಂಬುದು ಕರ್ಮಪದದ ಲಿಂಗವಚನಗಳನ್ನು ತಾಳುವ ಕೃದಂತ. ಮರಾಠಿಯ ಭೂತಕಾಲ ಈ ಕೃದಂತದ ಸಂತತಿ. ‘ರಾಮಾನೇ ಪುಸ್ತಕ ವಾಚಲೇ’ ಎಂಬಲ್ಲಿನ ‘ನೇ’ ಆ ತೃತೀಯೆಯ ಸ್ಥಾನದಲ್ಲಿ ನಿಂತಿದೆ. ಕಷ್ಟವೆಂದರೆ ಮೀ, ತೂ, ಆಮ್ಹೀ, ತುಮ್ಹೀ ಎಂಬ ಸರ್ವನಾಮಗಳಿಗೆ ಈ ‘ನೇ’ ಹತ್ತುವುದಿಲ್ಲ. ‘ಮೀ ವಾಚತೋ’ ಎಂಬಲ್ಲಿಯೂ ‘ಮೀ’, ‘ಮೀ ಧಡಾ ವಾಚಲಾ’ ಎಂಬಲ್ಲಿಯೂ ‘ಮೀ’. ನಿಯಮ ಬದಲಾದದ್ದಕ್ಕೆ ಕಣ್ಣಿಗೆ ಕಾಣುವ ಗುರುತೇ ಇಲ್ಲ. ಆದುದರಿಂದ ಭೂತಕಾಲವನ್ನು ‘ಮೀ’ ಇಂದ ಕಲಿಸಲಾರಂಭಿಸುವುದು ಸರಿಯಲ್ಲ. ‘ತ್ಯಾನೇ’, ‘ತಿನೇ’, ‘ರಾಮಾನೇ’, ‘ಮುಲೀನೇ’ ಇವುಗಳಿಂದ ಆರಂಭಿಸಿ, ‘ನೇ ಬಂದರೆ ಕ್ರಿಯಾಪದ ಕರ್ಮದ ಕಡೆ ತಿರುಗುತ್ತದೆ’ ಎಂಬುದನ್ನು ಮನವರಿಕೆ ಮಾಡಿಸಿ, ಅದು ರೂಢಿಯಾದ ಮೇಲೆ ‘ಮೀ’ ಎಂಬುದರಲ್ಲಿ ‘ನೇ’ ಅಡಗಿದೆ ಎಂದು ತಿಳಿಸಬೇಕು.

ಮರಾಠಿ ವ್ಯಾಕರಣ ಇದನ್ನು ‘ಕರ್ಮಣಿ ಪ್ರಯೋಗ’ ಎಂದು ಕರೆಯುತ್ತದೆ. ಕನ್ನಡ ಶಿಕ್ಷಕರು ಈ ಹೆಸರಿನಿಂದ ಎಚ್ಚರವಾಗಿರಬೇಕು. ಕನ್ನಡದಲ್ಲಿ ಕರ್ಮಣಿ ಪ್ರಯೋಗವೆಂದರೆ ‘ರಾಮನಿಂದ ಪಾಠವು ಓದಲ್ಪಟ್ಟಿತು’ ಎಂಬ ವಾಕ್ಯ. ಅದು ವ್ಯಾಕರಣ ಪುಸ್ತಕದಲ್ಲಿಯೂ ಸರ್ಕಾರಿ ಸುತ್ತೋಲೆಯಲ್ಲಿಯೂ ಬದುಕಿರುವ ರೂಪ. ಯಾವ ತಾಯಿಯೂ ‘ನಿನ್ನಿಂದ ಊಟ ಮಾಡಲ್ಪಟ್ಟಿತೇ’ ಎಂದು ಕೇಳುವುದಿಲ್ಲ. ‘ರಾಮಾನೇ ಧಡಾ ವಾಚಲಾ’ ಎಂಬುದಾದರೋ ಅಡಿಗೆಮನೆಯ, ಅಂಗಳದ, ಸಂತೆಯ ನಿತ್ಯದ ಮಾತು. ಅದನ್ನು ‘ಓದಲ್ಪಟ್ಟಿತು’ ಎಂದು ಅನುವಾದಿಸಿ ವಿವರಿಸಿದರೆ ಮಗು ಎರಡು ಭಾಷೆಗಳಲ್ಲಿಯೂ ದಾರಿ ತಪ್ಪುತ್ತದೆ. ‘ರಾಮ ಪಾಠ ಓದಿದ’ ಎಂಬುದೇ ಅದರ ಸರಿಯಾದ ಕನ್ನಡ.

ಕನ್ನಡದೊಳಗಿಂದಲೇ ಹಾಕಬಹುದಾದ ಒಂದು ಸೇತುವೆಯಿದೆ. ‘ನಾನು ಕರೆದವನು’, ‘ನಾನು ಕರೆದವಳು’, ‘ನಾನು ಕರೆದವರು’ ಎಂಬ ಮಾತುಗಳನ್ನು ಹಲಗೆಯ ಮೇಲೆ ಬರೆದು, ಕೊನೆಯ ‘ಅವನು’, ‘ಅವಳು’, ‘ಅವರು’ ಯಾರನ್ನು ಸೂಚಿಸುತ್ತವೆ ಎಂದು ಕೇಳಬೇಕು. ಕರೆದ ‘ನನ್ನನ್ನು’ ಅಲ್ಲ, ಕರೆಯಿಸಿಕೊಂಡವರನ್ನು. ಕರ್ತೃ ‘ನಾನು’ ಆಗಿದ್ದರೂ ಅಂತ್ಯ ಬೇರೆಯವರ ಲಿಂಗವಚನಗಳನ್ನು ತಾಳುವುದು ಕನ್ನಡಕ್ಕೆ ಹೊಸದಲ್ಲ ಎಂಬುದು ಮಗುವಿಗೆ ಇದರಿಂದ ಗೊತ್ತಾಗುತ್ತದೆ. ಮರಾಠಿಯ ‘ವಾಚಲಾ, ವಾಚಲೀ, ವಾಚಲೇ’ಗಳು ಹುಟ್ಟಿನಲ್ಲಿ ಇಂಥ ಕೃದಂತಗಳೇ.

ತಪ್ಪು ಮಗುವಿನದೋ, ನೆಲದ್ದೋ

‘ಮೀ ಗೋಷ್ಟ ವಾಚಲೋ’ ಎಂದು ಬರೆದ ಮಗು ನಿಯಮ ತಿಳಿಯದ್ದಲ್ಲ. ಕನ್ನಡದ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ‘ಗಾಡೀ ಆಲೇ’ ಎಂಬುದೂ ಹಾಗೆಯೇ. ಇಂಥ ರೂಪಗಳು ಈ ಸೀಮೆಯಲ್ಲಿ ಬರಿಯ ಮಕ್ಕಳ ತಪ್ಪುಗಳಾಗಿ ಉಳಿದಿಲ್ಲ ಎಂಬುದಕ್ಕೆ ಭಾಷಾಶಾಸ್ತ್ರದಲ್ಲಿ ಪ್ರಸಿದ್ಧವಾದ ನಿದರ್ಶನವೊಂದಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಪ್ರಕಟಿಸಿದ ಲೇಖನವು ಸಾಂಗಲಿ ಜಿಲ್ಲೆಯ, ಅವರು ಕುಪ್ವಾರ್ ಎಂದು ಕರೆದ ಹಳ್ಳಿಯೊಂದರ ಮಾತುಗಳನ್ನು ಕುರಿತದ್ದು. ಅಲ್ಲಿ ಕನ್ನಡ, ಮರಾಠಿ, ಉರ್ದು ಮನೆಮಾತಿನ ಜನ ತಲೆಮಾರುಗಳಿಂದ ಒಟ್ಟಿಗೆ ಬಾಳಿದ್ದರು, ತೆಲುಗಿನವರೂ ಕೆಲವರಿದ್ದರು. ಪದಗಳು ಬೇರೆ ಬೇರೆಯಾಗಿಯೇ ಉಳಿದಿದ್ದರೂ ವಾಕ್ಯರಚನೆ ಎಷ್ಟು ಒಂದಾಗಿತ್ತೆಂದರೆ ಒಂದು ಭಾಷೆಯ ವಾಕ್ಯವನ್ನು ಪದಕ್ಕೆ ಪದವಿಟ್ಟು ಇನ್ನೊಂದಕ್ಕೆ ತಿರುಗಿಸಬಹುದಾಗಿತ್ತು. ಆ ಊರಿನ ಮರಾಠಿಯಲ್ಲಿ ನಿರ್ಜೀವ ವಸ್ತುಗಳ ಹೆಸರುಗಳು ಕನ್ನಡದಂತೆ ನಪುಂಸಕಕ್ಕೆ ಸರಿದಿದ್ದುದನ್ನು ಅವರು ಗುರುತಿಸಿದರು. ಕೊಡುಕೊಳೆ ಏಕಮುಖವಾಗಿರಲಿಲ್ಲ. ‘ಇದು ನಿಮ್ಮ ಮನೆ’ ಎಂದಷ್ಟೇ ಹೇಳಿ ಮುಗಿಸುವ ಕನ್ನಡ, ಅಲ್ಲಿ ಮರಾಠಿಯ ‘ಆಹೇ’ಗೆ ಸಮನಾಗಿ ಕೊನೆಗೊಂದು ಕ್ರಿಯಾಪದವನ್ನು ಪಡೆದುಕೊಂಡಿತ್ತು. ದಕ್ಷಿಣದ ದಖನಿ ಉರ್ದುವಿನಲ್ಲಿ ‘ನೇ’ ಬಿದ್ದುಹೋಗಿ ಕ್ರಿಯಾಪದ ಕರ್ತೃವಿನ ಹಿಂದೆ ನಡೆಯುವುದನ್ನೂ ಇದರೊಡನೆ ನೆನೆಯಬಹುದು.

ಅಂದರೆ ಇಂದು ಕೆಂಪು ಶಾಯಿಯಲ್ಲಿ ಸುತ್ತು ಹಾಕಿಸಿಕೊಳ್ಳುವ ರೂಪಗಳ ಬೆನ್ನಿಗೆ ಒಂದು ಸೀಮೆಯ ಬಾಳುವೆಯ ಚರಿತ್ರೆಯಿದೆ. ಇದನ್ನು ಹೇಳುವುದರ ಉದ್ದೇಶ ತಪ್ಪನ್ನು ಸರಿಯೆಂದು ಸಾಧಿಸುವುದಲ್ಲ. ಪರೀಕ್ಷೆ ಕೇಳುವುದು ಪ್ರಮಾಣ ಮರಾಠಿಯನ್ನು, ಮಗುವಿಗೆ ಅದು ಸಿಗಲೇಬೇಕು. ಆದರೆ ‘ನಿನಗೆ ಭಾಷೆ ಬಾರದು’ ಎನ್ನುವುದಕ್ಕೂ ‘ಮನೆಯ ಮಾತು ಹೀಗೆ, ಪುಸ್ತಕದ ಮರಾಠಿ ಹಾಗೆ’ ಎನ್ನುವುದಕ್ಕೂ ತರಗತಿಯಲ್ಲಿ ಬಹಳ ಅಂತರವಿದೆ.

ಲಿಂಗವನ್ನು ಮೊದಲು ಕಲಿಸುವುದು

ಕರ್ಮಪದದ ಲಿಂಗ ಗೊತ್ತಿಲ್ಲದವನಿಗೆ ಭೂತಕಾಲದ ಪಟ್ಟಿಯಿಂದ ಪ್ರಯೋಜನವಿಲ್ಲ. ಆದ್ದರಿಂದ ಮರಾಠಿ ನಾಮಪದವನ್ನು ಎಂದೂ ಒಂಟಿಯಾಗಿ ಕಲಿಸದೆ ‘ತೋ ಧಡಾ, ತೀ ವಹೀ, ತೇ ಪುಸ್ತಕ’ ಎಂದು ಸರ್ವನಾಮದೊಡನೆ ಕಲಿಸುವ ರೂಢಿ ಒಂದನೆಯ ತರಗತಿಯಿಂದಲೇ ಇರಬೇಕು. ಸಾಂಗಲಿಯ ಮಕ್ಕಳಿಗೆ ಉದಾಹರಣೆಗಳಿಗಾಗಿ ದೂರ ಹೋಗಬೇಕಿಲ್ಲ. ಊಸ (ಕಬ್ಬು) ಪುಲ್ಲಿಂಗ, ಗೂಳ (ಬೆಲ್ಲ) ಪುಲ್ಲಿಂಗ, ಹಳದ (ಅರಿಸಿನ) ಸ್ತ್ರೀಲಿಂಗ, ದ್ರಾಕ್ಷ ನಪುಂಸಕ. ರೈತನೊಬ್ಬನ ವರ್ಷದ ವ್ಯಾಪಾರವೇ ಒಂದು ಪಾಠವಾಗುತ್ತದೆ: ತ್ಯಾನೇ ಊಸ ವಿಕಲಾ, ಹಳದ ವಿಕಲೀ, ದ್ರಾಕ್ಷೇ ವಿಕಲೀ. ತಂತಿವಾದ್ಯಗಳ ತಯಾರಿಕೆಗೆ ಹೆಸರಾದ ಮಿರಜದ ಮಕ್ಕಳಿಗೆ ಮೂರು ಲಿಂಗಗಳೂ ಒಂದೇ ಅಂಗಡಿಯಲ್ಲಿ ದೊರೆಯುತ್ತವೆ: ಕಾರಾಗಿರಾನೇ ತಂಬೋರಾ ವಿಕಲಾ, ಸತಾರ ವಿಕಲೀ, ವಾದ್ಯ ವಿಕಲೇ.

ಮೇಲಿನ ವಾಕ್ಯದಲ್ಲಿ ‘ಹಳದ ವಿಕಲೀ’ ಮತ್ತು ‘ದ್ರಾಕ್ಷೇ ವಿಕಲೀ’ ಒಂದೇ ಬಗೆಯಾಗಿ ಮುಗಿದಿರುವುದನ್ನು ಚುರುಕಾದ ಮಗು ಪ್ರಶ್ನಿಸುತ್ತದೆ. ಸ್ತ್ರೀಲಿಂಗ ಏಕವಚನಕ್ಕೂ ನಪುಂಸಕ ಬಹುವಚನಕ್ಕೂ ‘ಲೀ’ ಒಂದೇ. ಪುಲ್ಲಿಂಗ ಬಹುವಚನಕ್ಕೂ ನಪುಂಸಕ ಏಕವಚನಕ್ಕೂ ‘ಲೇ’ ಒಂದೇ. ಆಡುಮಾತಿನಲ್ಲಿ ಎರಡನೆಯ ಜೋಡಿ ಬೇರೆಯಾಗಿ ಕೇಳಿಸುತ್ತದೆ, ಏಕೆಂದರೆ ‘ಪುಸ್ತಕ ವಾಚಲೇ’ ಎಂಬುದನ್ನು ಕೊನೆಯ ಅಕಾರ ಎಳೆದು ‘ವಾಚಲ’ ಎನ್ನುವುದೇ ರೂಢಿ. ಮಗು ಬೀದಿಯಲ್ಲಿ ಕೇಳಿದ್ದು ಆ ರೂಪವನ್ನು, ಪುಸ್ತಕದಲ್ಲಿ ಕಾಣುವುದು ‘ಲೇ’ಕಾರವನ್ನು. ಎರಡೂ ಒಂದೇ ಎಂದು ಒಮ್ಮೆ ಸ್ಪಷ್ಟವಾಗಿ ಹೇಳದಿದ್ದರೆ ಕೇಳಿದ ಮರಾಠಿ ಬರೆಯುವ ಮರಾಠಿಗೆ ನೆರವಾಗುವುದಿಲ್ಲ.

ಹಿಂದಿಯ ವಿಷಯದಲ್ಲಿಯೂ ಎಚ್ಚರ ಬೇಕು. ‘ಮೈಂನೇ’ ಎಂಬಲ್ಲಿ ‘ನೇ’ ಕಣ್ಣಿಗೆ ಕಾಣುವುದರಿಂದ ಹಿಂದಿ ಕಲಿತ ಮಗುವಿಗೆ ತತ್ತ್ವ ಬೇಗ ತಿಳಿಯುತ್ತದೆ. ಲಿಂಗಗಳು ಮಾತ್ರ ಹೊಂದುವುದಿಲ್ಲ. ‘ಪುಸ್ತಕ’ ಹಿಂದಿಯಲ್ಲಿ ಸ್ತ್ರೀಲಿಂಗ, ಮರಾಠಿಯಲ್ಲಿ ನಪುಂಸಕ. ಹಿಂದಿಯ ‘ಪುಸ್ತಕ ಪಢೀ’ ಎಂಬುದರ ಮೇಲೆ ‘ಪುಸ್ತಕ ವಾಚಲೀ’ ಎಂದು ಬರೆಯುವ ಮಗು ಕನ್ನಡದಿಂದಲ್ಲ, ಹಿಂದಿಯಿಂದ ತಪ್ಪಿದೆ. ಕನ್ನಡ ಮತ್ತು ಮರಾಠಿ ಇಲ್ಲಿ ಒಂದೇ ಕಡೆ ಇವೆ.

ಉಳಿದ ಮೂರು ನಾಲ್ಕು ಸಂಗತಿಗಳು

ಕರ್ಮಪದಕ್ಕೆ ‘ಲಾ’ ಪ್ರತ್ಯಯ ಹತ್ತಿದಾಗ ಕ್ರಿಯಾಪದ ಕರ್ತೃವನ್ನೂ ಬಿಟ್ಟು, ಕರ್ಮವನ್ನೂ ಬಿಟ್ಟು, ನಪುಂಸಕ ಏಕವಚನದಲ್ಲಿ ನಿಲ್ಲುತ್ತದೆ: ‘ಶಿಕ್ಷಕಾಂನೀ ಮುಲೀಲಾ ಬೋಲಾವಲೇ’. ಮರಾಠಿ ವ್ಯಾಕರಣದಲ್ಲಿ ಇದು ಭಾವೇ ಪ್ರಯೋಗ. ‘ಲಾ ಇದ್ದರೆ ಲೇ’ ಎಂಬ ಗುರುತು ಮಕ್ಕಳಿಗೆ ಸಾಕು.

ಕರ್ಮಪದವಿದ್ದರೂ ಕರ್ತೃವನ್ನೇ ಅನುಸರಿಸುವ ಕೆಲವು ಧಾತುಗಳಿವೆ: ಶಿಕಣೇ, ವಿಸರಣೇ, ಬೋಲಣೇ, ಮ್ಹಣಣೇ. ಮೀ ಧಡಾ ಶಿಕಲೋ, ಮೀ ನಾವ ವಿಸರಲೋ, ತೀ ಮ್ಹಣಾಲೀ. ಕಲಿ, ಮರೆ, ಮಾತಾಡು, ಅನ್ನು ಎಂಬ ಈ ನಾಲ್ಕೂ ಶಾಲೆಯಲ್ಲಿ ಅತಿ ಹೆಚ್ಚು ಬಳಕೆಯಾಗುವವು. ಕನ್ನಡದ ಮಗುವಿಗೆ ಇವು ಸಹಜವಾಗಿ ಸರಿಯಾಗಿಯೇ ಬರುತ್ತವೆ. ಕರ್ಮಣಿಯನ್ನು ಕಲಿಸಿದ ಮೇಲೆಯೇ ತಪ್ಪಲಾರಂಭಿಸುತ್ತವೆ. ‘ಮೀ ಧಡಾ ಶಿಕಲಾ’ ಎಂದು ಮಗು ಬರೆದರೆ ಅದು ಹಿಂಜರಿತವಲ್ಲ, ಹೊಸ ನಿಯಮ ಮನಸ್ಸಿಗೆ ಇಳಿದ ಲಕ್ಷಣವೆಂದೇ ತಿಳಿಯಬೇಕು. ಇದೇ ಅತ್ಯುತ್ಸಾಹದಿಂದ ‘ಮೀ ಗೋಷ್ಟ ವಾಚತ ಹೋತೀ’ ಎಂಬ ರೂಪವೂ ಬರುವುದುಂಟು. ಓದುತ್ತಿದ್ದೆ ಎಂಬ ಅಪೂರ್ಣ ಭೂತಕಾಲ ಕರ್ತೃವನ್ನೇ ಅನುಸರಿಸುತ್ತದೆ: ಹುಡುಗ ‘ವಾಚತ ಹೋತೋ’, ಹುಡುಗಿ ‘ವಾಚತ ಹೋತೇ’. ಓದಿದ್ದೇನೆ, ಓದಿದ್ದೆ ಎಂಬ ಪೂರ್ಣರೂಪಗಳಾದರೆ ಮತ್ತೆ ಕರ್ಮದ ಕಡೆ: ‘ಮೀ ಗೋಷ್ಟ ವಾಚಲೀ ಆಹೇ’, ‘ವಾಚಲೀ ಹೋತೀ’. ‘ಲ’ಕಾರವಿರುವ ರೂಪ ಕರ್ಮದ ಹಿಂದೆ, ‘ತ’ಕಾರವಿರುವ ರೂಪ ಕರ್ತೃವಿನ ಹಿಂದೆ ಎಂದು ಹೇಳಿಕೊಟ್ಟರೆ ಸಕರ್ಮಕ ಧಾತುಗಳ ಮಟ್ಟಿಗೆ ಬಹುಪಾಲು ಗೊಂದಲ ಪರಿಹಾರವಾಗುತ್ತದೆ.

ನಿಷೇಧರೂಪವನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಿಸಬೇಕು. ಕನ್ನಡದಲ್ಲಿ ‘ಓದಲಿಲ್ಲ’ ಎಂದೊಡನೆ ಪುರುಷ, ಲಿಂಗ, ವಚನಗಳೆಲ್ಲ ಮಾಯವಾಗುತ್ತವೆ. ನಾನು ಓ‌ದಲಿಲ್ಲ, ಅವರು ಓದಲಿಲ್ಲ. ಮರಾಠಿಯಲ್ಲಿ ಭೂತಕಾಲದ ರೂಪ ತನ್ನ ಲಿಂಗವಚನಗಳೊಡನೆ ಹಾಗೆಯೇ ನಿಂತು ‘ನಾಹೀ’ ಸೇರುತ್ತದೆ: ಧಡಾ ವಾಚಲಾ ನಾಹೀ, ಗೋಷ್ಟ ವಾಚಲೀ ನಾಹೀ. ಬಹುವಚನದಲ್ಲಿ ‘ನಾಹೀ’ ಎಂಬುದೇ ‘ನಾಹೀತ’ ಆಗುತ್ತದೆ: ಗೋಷ್ಟೀ ವಾಚಲ್ಯಾ ನಾಹೀತ. ವರ್ತಮಾನದಲ್ಲಿ ಲಿಂಗ ಬಿದ್ದುಹೋಗಿ ‘ವಾಚತ ನಾಹೀ’ ಎಂದಷ್ಟೇ ಉಳಿಯುವುದರಿಂದ ಹುಡುಗರಿಗೂ ಹುಡುಗಿಯರಿಗೂ ಒಂದೇ ರೂಪ. ಭವಿಷ್ಯತ್ತಿಗೆ ‘ವಾಚಣಾರ ನಾಹೀ’.

ನಿತ್ಯಬಳಕೆಯ ಅನೇಕ ಧಾತುಗಳು ಭೂತಕಾಲದಲ್ಲಿ ಅಂಗವನ್ನೇ ಬದಲಿಸಿಕೊಳ್ಳುತ್ತವೆ: ಕರಣೇ ಎಂಬುದರಿಂದ ಕೇಲಾ, ಘೇಣೇ ಎಂಬುದರಿಂದ ಘೇತಲಾ, ದೇಣೇ ಎಂಬುದರಿಂದ ದಿಲಾ, ಖಾಣೇ ಎಂಬುದರಿಂದ ಖಾಲ್ಲಾ, ಪಾಹಣೇ ಎಂಬುದರಿಂದ ಪಾಹಿಲಾ. ಇವನ್ನು ಬಾಯಿಪಾಠ ಮಾಡಿಸುವುದರ ಹೊರತು ದಾರಿಯಿಲ್ಲ. ಕೊನೆಯ ಲಾ, ಲೀ, ಲೇಗಳು ಮಾತ್ರ ಇಲ್ಲಿಯೂ ‘ವಾಚಣೇ’ ಧಾತುವಿನಂತೆಯೇ ಕರ್ಮಪದವನ್ನು ಅನುಸರಿಸುತ್ತವೆ: ತಿನೇ ಆಂಬಾ ಖಾಲ್ಲಾ, ಭಾಕರೀ ಖಾಲ್ಲೀ, ಕೇಳೇ ಖಾಲ್ಲೇ.